ನಮ್ಮ ಲಾಡ್ಜಿನ ಖಾಯಂ ಗಿರಾಕಿಗಳು

ಲಾಡ್ಜಿನ ಮ್ಯಾನೇಜರ್ ಕುರ್ಚಿಯಲ್ಲಿ ಕೂತವನಿಗೆ ವಾರಕ್ಕೊಂದು ಸಲವಾದರೂ ಮಾನ ಹೋಗುತ್ತದೆ. ನನಗೆ ಅದು ಸಾಮಾನ್ಯವಾಗಿ ಇಲಿಯ ಮೂಲಕವೇ ಹೋಗುತ್ತಿತ್ತು. ಎಪ್ಪತ್ತರ ದಶಕದ ಶುರುವಿನಿಂದ ಎಂಬತ್ತರ ದಶಕದ ಕೊನೆಯವರೆಗೆ ಗುಬ್ಬಿ, ಕುಣಿಗಲ್, ತುಮಕೂರು ಅಂತ ಮೂರು ಊರುಗಳಲ್ಲಿ, ಒಬ್ಬರೇ ಸಾಹುಕಾರರ ಮೂರು ಲಾಡ್ಜುಗಳಲ್ಲಿ ಕೆಲಸ ಮಾಡಿದೆ. ಊರು ಬದಲಾಯಿತು, ಬರುವ ಗಿರಾಕಿಗಳು ಬದಲಾದರು. ಇಲಿಗಳು ಮಾತ್ರ ನನ್ನ ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದವು.

ನಮ್ಮ ಕಡೆಗೆ ಪ್ರವಾಸ ಬರುವವರಿಗೆ ಎಲ್ಲರೂ ಬೆಟ್ಟ ನೋಡಿ, ಕೆರೆ ನೋಡಿ, ದೇವಸ್ಥಾನ ನೋಡಿ ಅಂತ ಹೇಳುತ್ತಾರೆ. ನೀವು ನೋಡಲು ಹೋಗದಿದ್ದರೂ ತಾವೇ ಬಂದು ನಿಮ್ಮನ್ನು ನೋಡಿಕೊಂಡು ಹೋಗುವವರ ವಿಷಯ ಯಾರೂ ಹೇಳುವುದಿಲ್ಲ. ಹೇಳುವ ಅರ್ಹತೆ ಇರುವವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಾನು ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕಟ್ಟಿ ಮೂರು ಸಲವೂ ಬಿಟ್ಟುಕೊಟ್ಟವನು. ಅಂಥವನನ್ನು ಕರೆದು ಸಾಹುಕಾರರು ಕುರ್ಚಿ ಕೊಟ್ಟು ಮ್ಯಾನೇಜರ್ ಅಂದರು. ಆ ಒಂದು ಪದ ನೋಡಿಯೇ ನನ್ನ ಮಾವ ಹೆಣ್ಣು ಕೊಟ್ಟರು. ನನ್ನ ಮುಖ ನೋಡಿ ಕೊಟ್ಟಿದ್ದಲ್ಲ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಕೆಲಸ ಹೋದರೆ ಪದ ಹೋಗುತ್ತಿತ್ತು. ಪದ ಹೋದರೆ ಮನೆಯಲ್ಲಿ ನನ್ನನ್ನು ಏನಂತ ಕರೆಯಬೇಕು ಅನ್ನುವುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ದಿನವೇ ಸಾಹುಕಾರರು ಗೋಡೆಯ ಗಣಪತಿ ಪಟಕ್ಕೆ ಕೈಮುಗಿದು ಷರತ್ತು ಹೇಳಿದ್ದರು. "ನೋಡಯ್ಯ, ಇಲಿ ಅಂದ್ರೆ ಸ್ವಾಮಿ ವಾಹನ. ಕೊಲ್ಲಂಗಿಲ್ಲ. ಆದ್ರೆ ಗಿರಾಕಿ ಕಣ್ಣಿಗೆ ಬೀಳಂಗೂ ಇಲ್ಲ. ಇಲಿ ಅಂತ ಒಂದು ದೂರು ನನ್ನ ಕಿವಿಗೆ ಬಿತ್ತೋ, ಅವತ್ತೇ ನೀನು ಗಂಟುಮೂಟೆ ಕಟ್ಕೋ."

ಕೊಲ್ಲಂಗೂ ಇಲ್ಲ, ಇರಂಗೂ ಇಲ್ಲ. ಇದರ ಮಧ್ಯೆ ನನ್ನ ಹದಿನೇಳು ವರ್ಷ ಹೋಯಿತು.

ಇಲಿ ಇರೋ ರೂಮು

ಗುಬ್ಬಿಯ ಲಾಡ್ಜು ಅಂದರೆ ಕೆಳಗೆ ಕೊಬ್ಬರಿ ಮಂಡಿ, ಮಹಡಿ ಮೇಲೆ ಎಂಟು ರೂಮು. ಇಲಿಗಳ ಊಟ ಕೆಳಗೆ, ವಾಸ ಮೇಲೆ. ಬೋರ್ಡಿನಲ್ಲಿ ಬರೆದಿದ್ದ "ಊಟ ಮತ್ತು ವಸತಿ" ಎರಡೂ ಸರಿಯಾಗಿ ಸಿಗುತ್ತಿದ್ದದ್ದು ಅವುಗಳಿಗೆ ಮಾತ್ರ.

ಒಂದು ಸಲ ದಾವಣಗೆರೆ ಕಡೆಯಿಂದ ಒಬ್ಬ ಕೊಬ್ಬರಿ ವ್ಯಾಪಾರಿ ಬಂದು ಇಳಿದುಕೊಂಡರು. ಐದು ಮಂಡಿಗಳಿಂದ ಮಾದರಿಗೆ ಅಂತ ಒಂದೊಂದು ಬಟ್ಟೆಚೀಲದಲ್ಲಿ ನಾಲ್ಕಾರು ಉಂಡೆಕೊಬ್ಬರಿ ತಂದು ರೂಮಿನಲ್ಲಿ ಸಾಲಾಗಿ ಇಟ್ಟಿದ್ದರು. ಬೆಳಿಗ್ಗೆ ನಾನು ಊದುಬತ್ತಿ ಹಚ್ಚುತ್ತಿರುವಾಗ ಹರಿದ ಚೀಲ ಹಿಡಿದುಕೊಂಡು ಇಳಿದು ಬಂದರು.

"ಮ್ಯಾನೇಜರ್ರೇ, ಇದೇನ್ರೀ?"

"ಬಟ್ಟೆ ಹಳೇದಿರಬೇಕು ಸ್ವಾಮಿ. ತಾನಾಗೇ ಹರಿದಿರುತ್ತೆ."

"ತಾನಾಗೇ ಹರಿದ್ರೆ ಹಲ್ಲಿನ ಗುರುತು ಎಲ್ಲಿಂದ ಬಂತ್ರೀ?"

ಮದುವೆಯಾಗಿ ಆಗ ಮೂರು ತಿಂಗಳು. "ಸ್ವಾಮಿ, ದಯವಿಟ್ಟು ಸಾಹುಕಾರರ ಕಿವಿಗೆ ಹಾಕಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ.

"ಏ, ಸುಮ್ನಿರ್ರೀ. ಐದು ಚೀಲ ಇಟ್ಟಿದ್ದೆ. ನಾಲ್ಕು ಮುಟ್ಟಿಲ್ಲ. ಇದೊಂದನ್ನೇ ಹುಡುಕಿ ತಿಂದೈತಿ. ಇದು ಯಾವ ಮಂಡೀದು ಅಂತ ನೋಡಿದ್ರೆ, ನಾನು ಬೇಡ ಅಂತ ಬಿಟ್ಟಿದ್ದ ಮಂಡೀದು!" ಅಂತ ಖುಷಿಯಿಂದ ಹೋಗಿ ಆ ಮಂಡಿಯ ಮಾಲನ್ನೇ ಲಾರಿ ತುಂಬಾ ಹಾಕಿಸಿಕೊಂಡು ಹೊರಟರು.

ಎರಡು ತಿಂಗಳಾದ ಮೇಲೆ ಮತ್ತೆ ಬಂದರು. ಕೈಯಲ್ಲಿ ಐದು ಚೀಲ. "ಹೋದ ಸಲದ ರೂಮೇ ಕೊಡ್ರೀ. ಇಲಿ ಐತಿಲ್ಲೋ?" ಅಂದರು.

ನಾನು ಎದೆ ಸೆಟೆಸಿ ನಿಂತೆ. "ಒಂದೂ ಇಲ್ಲ ಸ್ವಾಮಿ! ಹದಿನೈದು ದಿನ ಹಗಲೂ ರಾತ್ರಿ ಬೋನು ಇಟ್ಟು ಒಂದೊಂದನ್ನೂ ಹಿಡಿದು ಸಾಗಿಸಿದೀನಿ. ಬೇಕಾದ್ರೆ ಮೂಲೆ ಮೂಲೆ ನೋಡ್ಕೊಳ್ಳಿ!"

ಅವರು ಚೀಲಗಳನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ನನ್ನ ಸರ್ವೀಸಿನಲ್ಲಿ ಇಲಿ ಬೇಕು ಅಂತ ಕೇಳಿಕೊಂಡು ಬಂದವರು ಅವರೊಬ್ಬರೇ. ನನ್ನ ಬೋನು ಸರಿಯಾಗಿ ಕೆಲಸ ಮಾಡಿದ್ದೂ ಅದೊಂದೇ ಸಲ.

"ಹಂಗಾರೆ ಎದುರುಗಡೆ ಲಾಡ್ಜಿಗೆ ಹೋಗ್ತೀನಿ" ಅಂದರು. "ಅಲ್ಲಿ ಐತಂತೆ."

ಬೆಳಗಿನ ವಾಕಿಂಗು

ಹಿಡಿದ ಇಲಿಯನ್ನು ಕೊಲ್ಲುವ ಹಾಗಿಲ್ಲವಲ್ಲ, ದೂರ ಬಿಟ್ಟು ಬರಬೇಕು. ಆಗ ಊರೂರಲ್ಲೂ ಇದೇ ಪದ್ಧತಿ. ಆದರೆ ದೂರ ಅಂದರೆ ಎಲ್ಲಿ? ನಮಗೆ ದೂರವಾದದ್ದು ಇನ್ಯಾರಿಗೋ ಹತ್ತಿರ. ಹಾಗಾಗಿ ಬೋನಿನ ಮೇಲೆ ಟವೆಲ್ ಹೊದಿಸಿ, ಸಂಬಂಧವೇ ಇಲ್ಲದವರ ಹಾಗೆ ಮುಖ ಮಾಡಿಕೊಂಡು ನಡೆಯಬೇಕಿತ್ತು.

ಒಂದು ಬೆಳಿಗ್ಗೆ ಗುಬ್ಬಿ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಹೋಗುತ್ತಿದ್ದೆ. ಎದುರಿನಿಂದ ನಮ್ಮ ಪರಿಚಯದ ಮೇಷ್ಟ್ರು ಬಂದರು. ಅವರ ಕೈಯಲ್ಲೂ ಏನೋ ಇತ್ತು, ಅದರ ಮೇಲೂ ಟವೆಲ್ ಇತ್ತು.

"ಏನ್ ಮ್ಯಾನೇಜರ್ರೇ, ವಾಕಿಂಗಾ?"

"ಹೂಂ ಸಾರ್. ತಾವೂ ವಾಕಿಂಗಾ?"

"ಹೂಂ. ಡಾಕ್ಟ್ರು ಹೇಳವ್ರೆ."

ಇಬ್ಬರೂ ಮಳೆ, ಬೆಳೆ, ಬಸ್ಸು ಎಲ್ಲಾ ಮಾತಾಡಿದೆವು. ಮಾತಿನ ಮಧ್ಯೆ ನನ್ನ ಟವೆಲ್ ಕಿಚ್ ಅಂದಿತು. ಅವರ ಟವೆಲ್ ಕಿಚ್ ಕಿಚ್ ಅಂತ ಉತ್ತರ ಕೊಟ್ಟಿತು. ಇನ್ನು ಮುಚ್ಚಿಡುವುದೇನು? ವಿಚಾರಿಸಿದರೆ ಅವರು ನಮ್ಮ ಲಾಡ್ಜಿನ ಹಿಂದಿನ ಖಾಲಿ ಸೈಟಿಗೆ ಬರುತ್ತಿದ್ದರು. ನಾನು ಅವರ ಮನೆ ಪಕ್ಕದ ಬೇಲಿಗೆ ಹೋಗುತ್ತಿದ್ದೆ. ಮೂರು ತಿಂಗಳಿಂದ ಇಬ್ಬರದ್ದೂ ಅದೇ ವಾಕಿಂಗು.

ಮೇಷ್ಟ್ರು ದೊಡ್ಡ ಮನುಷ್ಯರು. "ನೀವು ಅಲ್ಲೀಗಂಟ ನಡೆಯೋದು, ನಾನು ಇಲ್ಲೀಗಂಟ ನಡೆಯೋದು, ಯಾಕೆ ಬುಡಿ. ಇಲ್ಲೇ ಅರ್ಧದಲ್ಲೇ ಇಬ್ರೂ ಬಿಟ್ಬಿಡೋಣ. ನ್ಯಾಯವಾಗಿರ್ತದೆ" ಅಂದರು. ಒಪ್ಪಿಕೊಂಡು ಇಬ್ಬರೂ ಒಟ್ಟಿಗೆ ಬಾಗಿಲು ತೆಗೆದೆವು. ಎರಡೂ ಇಲಿಗಳು ಹೊರಗೆ ಬಂದವು, ಒಂದನ್ನೊಂದು ನೋಡಿದವು, ಆಮೇಲೆ ಜೊತೆಯಾಗಿ ನಮ್ಮ ಲಾಡ್ಜಿನ ಕಡೆಗೆ ಓಡಿದವು.

ಮೇಷ್ಟ್ರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಏನೇ ಅನ್ನಿ, ನಿಮ್ಮ ಲಾಡ್ಜಿಗೆ ಒಳ್ಳೇ ಹೆಸರಿದೆ" ಅಂದರು.

ಬೆಕ್ಕು ಬಂತು

ಆಮೇಲೆ ಸಾಹುಕಾರರು ನನ್ನನ್ನು ಕುಣಿಗಲ್‌ಗೆ ಹಾಕಿದರು. ಮಂಗಳೂರು ರಸ್ತೆಯ ಲಾಡ್ಜು. ಕೆರೆ ನೋಡಲು, ಕುದುರೆ ಫಾರಂ ನೋಡಲು ಬರುವವರು, ತಾಲ್ಲೂಕು ಕಚೇರಿ ಕೆಲಸಕ್ಕೆ ಬರುವವರು, ಮುಂದಿನ ಊರಿಗೆ ಬಸ್ಸು ಹಿಡಿಯುವವರು, ಹೀಗೆ ಜನ ಸದಾ ಇರುತ್ತಿದ್ದರು. ಇಲ್ಲಿ ನಾನು ಬುದ್ಧಿ ಉಪಯೋಗಿಸಿದೆ. ಸಾಹುಕಾರರು ಕೊಲ್ಲಬಾರದು ಅಂದದ್ದು ನನಗೆ. ಬೆಕ್ಕಿಗೆ ಏನೂ ಹೇಳಿರಲಿಲ್ಲ. ಒಂದು ದಷ್ಟಪುಷ್ಟವಾದ ಕಪ್ಪು ಬೆಕ್ಕನ್ನು ತಂದು ಬಿಟ್ಟೆ.

ಮೊದಲನೇ ಬೆಳಿಗ್ಗೆಯೇ ಬೆಕ್ಕು ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದುಕೊಂಡು ಹೋಯಿತು. ಕೋರ್ಟಿಗೆ ಹೊರಟಿದ್ದ ಒಬ್ಬರು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು. ಒಳಗೆ ಹೋಗಿ ನೀರು ಕುಡಿದು, ಎರಡು ನಿಮಿಷ ಕೂತು ಮತ್ತೆ ಬಂದರು. ಬೆಕ್ಕು ಈ ತುದಿಯಿಂದ ಆ ತುದಿಗೆ ವಾಪಸ್ ಹೊರಟಿತ್ತು. ಅವರ ಹಿಂದೆ ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರು ಐದು ಜನ. ಅವರ ಹಿಂದೆ ಹಾಸನಕ್ಕೆ ಹೋಗಬೇಕಾದ ಒಂದು ಸಂಸಾರ. ಎಲ್ಲರೂ ಸಾಲಾಗಿ ಬೆಂಚಿನ ಮೇಲೆ ಕೂತರು. ಗಂಡಿನ ಕಡೆಯವರು ಹತ್ತೂವರೆಗೆ ರಾಹುಕಾಲ ಶುರುವಾಗುವುದರೊಳಗೆ ಹೆಣ್ಣಿನ ಮನೆ ಸೇರಬೇಕಂತೆ. ಎರಡು ಬಸ್ಸು ಬಂದವು, ಹೋದವು. ಯಾರೂ ಏಳಲಿಲ್ಲ.

"ಹೊರಡಿ ಸ್ವಾಮಿ, ಬಸ್ಸು ಹೋಗ್ತಿದೆ" ಅಂದೆ.

"ಬೆಕ್ಕು ಅಡ್ಡ ಹೋಗೈತೆ ಕಣ್ರೀ. ಬೇರೆ ಯಾರಾದ್ರೂ ಮೊದಲು ದಾಟ್ಲಿ, ಆಮೇಲೆ ಹೊರಡ್ತೀವಿ" ಅಂದರು ಗಂಡಿನ ತಂದೆ. ಮೊದಲು ದಾಟಿದವನಿಗೆ ಅಪಶಕುನ ತಗುಲಿ, ಹಿಂದಿನವರಿಗೆ ದಾರಿ ಸಲೀಸಾಗುತ್ತದೆ ಅಂತ ಲೆಕ್ಕ. ಕೋರ್ಟಿನವರು ಗಂಡಿನ ಕಡೆಯವರನ್ನು ನೋಡಿದರು, ಗಂಡಿನ ಕಡೆಯವರು ಸಂಸಾರದವರನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು.

"ಮ್ಯಾನೇಜರ್ರೇ, ನೀವು ಒಂದ್ಸಲ ಹಿಂಗೆ ಹೋಗಿ ಹಂಗೆ ಬನ್ನಿ."

ಬಂದೆ. ಎಲ್ಲರೂ ಖುಷಿಯಾಗಿ ಹೊರಟರು. ಅವತ್ತಿನಿಂದ ಅದೇ ನನ್ನ ಮುಖ್ಯ ಕೆಲಸವಾಯಿತು. ದಿನಾ ಬೆಳಿಗ್ಗೆ ಬೆಕ್ಕು ದಾಟುವುದು, ಹಿಂದೆಯೇ ನಾನು ದಾಟುವುದು. ಕುಣಿಗಲ್ ತಾಲ್ಲೂಕಿನ ಅಪಶಕುನವೆಲ್ಲ ನನ್ನ ತಲೆ ಮೇಲೆ ಜಮಾ ಆಗುತ್ತಾ ಹೋಯಿತು. ಬೆಕ್ಕು ಮಾತ್ರ ಗಿರಾಕಿಗಳು ಶಾಂತಿಗೆ ಅಂತ ಇಡುತ್ತಿದ್ದ ಹಾಲು ಕುಡಿದುಕೊಂಡು, ಇಲಿ ಪಕ್ಕದಲ್ಲೇ ಹೋದರೂ ಕಣ್ಣು ಬಿಡದೆ ಮಲಗಿರುತ್ತಿತ್ತು.

ಇಷ್ಟು ಅಪಶಕುನ ದಾಟಿದರೂ ಏನೂ ಆಗಲಿಲ್ಲವಲ್ಲ, ಇದೆಲ್ಲಾ ಮೂಢನಂಬಿಕೆ ಅಂತ ಹೆಂಡತಿಗೆ ಧೈರ್ಯವಾಗಿ ಹೇಳಿದ ಮಾರನೇ ದಿನವೇ ಸಾಹುಕಾರರ ಕಾಗದ ಬಂತು. ತುಮಕೂರಿಗೆ ವರ್ಗ. ಅವರ ಕಣ್ಣೆದುರಿಗೇ ಕೆಲಸ.

ಹಸಿವಾಗಿತ್ತು ತಾಯಿ

ತುಮಕೂರಿನ ಲಾಡ್ಜು ಬಸ್ ಸ್ಟ್ಯಾಂಡಿನ ಹತ್ತಿರ. ಮರಳೂರಿನ ಕಡೆಯಿಂದ ದಿನಾ ಬಂದು ಕಸ ಗುಡಿಸುತ್ತಿದ್ದ ಒಬ್ಬ ಅಜ್ಜಿ ನನಗೆ ಮೊದಲ ದಿನವೇ ಹೇಳಿದ್ದಳು. "ಸ್ವಾಮಿ, ಇಲ್ಲಿ ಇಲಿ ಅಂತ ಬಾಯಲ್ಲಿ ಅನ್ನಬ್ಯಾಡಿ. ಗೋಡೆಗೂ ಕಿವಿ ಅವೆ. ಸಾವ್ಕಾರ್ರ ಮನೆ ಹಿಂದ್ಗಡೇನೇ."

ಇಲಿ ಅನ್ನದೆ ಇಲಿಯ ವಿಷಯ ಹೇಳುವುದು ಹೇಗೆ? ಯೋಚನೆ ಮಾಡಿ ಒಂದು ಬೋರ್ಡು ಬರೆಸಿ ಹಾಕಿದೆ: "ಗಿರಾಕಿಗಳ ಗಮನಕ್ಕೆ. ತಿಂಡಿ ಪದಾರ್ಥಗಳನ್ನು ರೂಮಿನಲ್ಲಿ ತೆರೆದಿಡಬಾರದು. ಮ್ಯಾನೇಜರ್." ಓದಿದವರು ಬೋರ್ಡು ನೋಡುತ್ತಿದ್ದರು, ನನ್ನ ಹೊಟ್ಟೆ ನೋಡುತ್ತಿದ್ದರು, ಡಬ್ಬದ ಮುಚ್ಚಳ ಬಿಗಿ ಮಾಡಿಕೊಳ್ಳುತ್ತಿದ್ದರು.

ಶಿವಮೊಗ್ಗದ ಕಡೆಯ ಒಬ್ಬ ತಾಯಿ ಬೋರ್ಡು ಓದಿರಲಿಲ್ಲ. ನೆಂಟರ ಮನೆಗೆ ಅಂತ ತಂದಿದ್ದ ನಿಪ್ಪಟ್ಟಿನ ಚೀಲ ಖಾಲಿಯಾಗಿತ್ತು. ಕೌಂಟರಿಗೆ ಬಂದು, "ರೂಮಿನ ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ?" ಅಂದರು. ನನ್ನ ಹತ್ತಿರವೇ ಇತ್ತು. ಅಷ್ಟು ಹೊತ್ತಿಗೆ ಸಾಹುಕಾರರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಹೇಳಿ, ನನ್ನ ನಿಪ್ಪಟ್ಟು ಏನಾಯ್ತು?"

ಇಲಿ ಅಂದರೆ ಕೆಲಸ ಹೋಗುತ್ತದೆ. ಗೊತ್ತಿಲ್ಲ ಅಂದರೆ ಆಕೆಯೇ ಇಲಿ ಅನ್ನುತ್ತಾರೆ. ನಾನು ಮೆಲ್ಲಗೆ ತಲೆ ತಗ್ಗಿಸಿ, "ನಾನೇ ತಿಂದೆ ತಾಯಿ. ಹಸಿವಾಗಿತ್ತು" ಅಂದೆ.

ಆಕೆ ಬೈಯಲಿಲ್ಲ. ಮರುಗಿದರು. "ಅಯ್ಯೋ ಪಾಪ, ಅಷ್ಟೂ ಒಬ್ಬರೇ ತಿಂದ್ರಾ? ಕೇಳಿದ್ರೆ ನಾನೇ ಕೊಡ್ತಿದ್ನಲ್ಲಪ್ಪ. ಮನೇಲಿ ಹೆಂಡ್ತಿ ಅಡಿಗೆ ಮಾಡಲ್ವೇ?" ಅಂದರು. ಸಾಹುಕಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಾನ ಹೋದರೆ ಹೋಗಲಿ, ಕೆಲಸ ಉಳಿಯಿತಲ್ಲ ಅಂತ ನಾನು ಉಸಿರು ಬಿಟ್ಟೆ.

ಆಕೆ ನಾಲ್ಕು ಹೆಜ್ಜೆ ಹೋಗಿ ಏನೋ ನೆನಪಾಗಿ ತಿರುಗಿದರು. ಸೆರಗಿನ ಮರೆಯಿಂದ ಅರ್ಧ ಉಳಿದಿದ್ದ ಸೋಪಿನ ಬಿಲ್ಲೆ ತೆಗೆದು ತೋರಿಸಿದರು.

"ಇದೂ ಹಸಿವಿಗೇನಾ?"

ದೂರಿನ ಪೆಟ್ಟಿಗೆ

ಸೋಪಿನ ವಿಷಯವಾದ ಮೇಲೆ ಸಾಹುಕಾರರಿಗೆ ಅನುಮಾನ ಶುರುವಾಯಿತು. ಕೌಂಟರಿನ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಹೊಡೆಸಿದರು. ಮೇಲೆ ಕಾಗದ ಹಾಕುವಷ್ಟು ಸೀಳು, ಮುಂದೆ ಬೀಗ. ಬೀಗದ ಕೈ ಅವರ ಉಡಿದಾರಕ್ಕೆ. "ಇನ್ಮೇಲೆ ನಿನ್ನ ಮಾತು ಕೇಳಲ್ಲ ಕಣಯ್ಯ. ಗಿರಾಕಿ ಬರೆದು ಹಾಕ್ಲಿ. ಪ್ರತಿ ಸೋಮವಾರ ನಾನೇ ತೆಗೀತೀನಿ. ಇಲಿ ಮೇಲೆ ಒಂದು ದೂರು ಇದ್ರೂ ನೀನು ಊರು ಸೇರ್ಕೋ" ಅಂದರು.

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ದೊಡ್ಡ ಮಗಳು ಹೈಸ್ಕೂಲು ಸೇರಿದ್ದಳು, ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಇರುವ ಕಡೆ ಚೆಂದವಾಗಿ "ಮ್ಯಾನೇಜರ್" ಅಂತ ಬರೆದಿದ್ದಳು. ಅದನ್ನು ಹೊಡೆದು ಹಾಕಿಸುವ ಕಾಲ ಬಂತಲ್ಲ ಅಂತ ನಿಜವಾಗಿಯೂ ಸಂಕಟವಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಮೈಸೂರಿನಿಂದ ದೇವರಾಯನದುರ್ಗ ನೋಡಲು ಒಬ್ಬ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸೂ ಅವರ ಗಂಡನೂ ಬಂದರು. ಆಕೆಯ ಕನ್ನಡಕ ನೋಡಿದ ಕೂಡಲೇ ಇವರು ದೂರು ಬರೆಯುವವರು ಅಂತ ಗೊತ್ತಾಯಿತು. ಇವರ ಕಣ್ಣಿಗೆ ಇಲಿಯ ಬಾಲವೂ ಬೀಳಬಾರದು ಅಂತ ಟೊಂಕ ಕಟ್ಟಿದೆ. ಅವರು ಚೀಲ ಕೆಳಗಿಡುವ ಮೊದಲೇ ಟಾರ್ಚು ಹಿಡಿದು ಮಂಚದ ಕೆಳಗೆ ತೂರಿದೆ.

"ಏನ್ರೀ ನೋಡ್ತಿದೀರಾ?"

"ಗಾಳಿ ಬೆಳಕು ಸರಿಯಾಗಿದೆಯಾ ಅಂತ ಅಮ್ಮ."

"ಮಂಚದ ಕೆಳಗಾ?"

ಅವರು ಮಧ್ಯಾಹ್ನದ ನಿದ್ದೆಗೆ ಮಲಗಿದ ಅರ್ಧ ಗಂಟೆಗೆ ಬಾಗಿಲು ತಟ್ಟಿ, ಏನೂ ತೊಂದರೆ ಇಲ್ಲ ತಾನೇ ಅಂತ ಕೇಳಿದೆ. ಇಲ್ಲ ಅಂದರು. ನಿಜವಾಗಿಯೂ ಇಲ್ಲವೇ ಅಂತ ಇನ್ನೊಮ್ಮೆ ಹೋಗಿ ಕೇಳಿದೆ. ಸಂಜೆ ಹೊತ್ತಿಗೆ ಒಳಗಿನಿಂದ ಕಟಂ ಕಟಂ ಅಂತ ಸದ್ದು ಬಂತು. ಸಿಕ್ಕಿತು ಅಂತ ಒಂದು ಕೈಯಲ್ಲಿ ಪೊರಕೆ, ಒಂದು ಕೈಯಲ್ಲಿ ಬೋನು ಹಿಡಿದು ಬಾಗಿಲು ನೂಕಿಕೊಂಡು ನುಗ್ಗಿದೆ. ಆಕೆಯ ಗಂಡ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೋಡುಬಳೆ ತಿನ್ನುತ್ತಿದ್ದರು. ಪೊರಕೆ ನೋಡಿ ಬಾಯಲ್ಲಿದ್ದದ್ದನ್ನು ಅಗಿಯುವುದನ್ನೇ ನಿಲ್ಲಿಸಿದರು.

ಭಾನುವಾರ ಬೆಟ್ಟ ನೋಡಿ ಬಂದ ಮೇಲೂ ನಾನು ಕಾವಲು ಬಿಡಲಿಲ್ಲ. ಹೊರಡುವ ಹೊತ್ತಿಗೆ ಆಕೆ ಕೌಂಟರಿನಲ್ಲಿ ನಿಂತು ಕಾಗದ ಕೇಳಿದರು. ಎರಡೂ ಕಡೆ ತುಂಬಿಸಿದರು. ಕನ್ನಡಕ ಏರಿಸಿ, "ಇನ್ನೊಂದು ಹಾಳೆ ಇದೆಯಾ?" ಅಂದರು. ಕೊಟ್ಟೆ. ನನ್ನ ಕೆಲಸ ಹೋಗುವುದಕ್ಕೆ ಹಾಳೆಯನ್ನೂ ನಾನೇ ಒದಗಿಸಿದೆ. ಮಡಿಸಿ ಪೆಟ್ಟಿಗೆಯೊಳಗೆ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಹೋದರು.

ಸೀಳಿನಲ್ಲಿ ಬೆರಳು ಹಾಕಿದೆ, ಕಡ್ಡಿ ಹಾಕಿದೆ, ಕಾಗದ ಬರಲಿಲ್ಲ. ನೋಡುತ್ತಿದ್ದ ಕಸ ಗುಡಿಸುವ ಅಜ್ಜಿ ಪೊರಕೆ ಕೆಳಗಿಟ್ಟಳು. "ಬುಡಿ ಸ್ವಾಮಿ, ಅದು ಹೊರಕ್ಕೆ ಬರಾಕಿಲ್ಲ ಅಂದ್ರೆ ತಿನ್ನೋರ್ನ ಒಳಕ್ಕೆ ಕಳಿಸಿ. ಇಷ್ಟು ದಿನ ಸಾಕಿದೀರಲ್ಲ."

ಹದಿನೈದು ವರ್ಷ ಇಲಿ ಓಡಿಸಿದವನು ಅವತ್ತು ಕೈಮುಗಿದು ಕರೆದೆ. ಮನೆಯಿಂದ ತುಪ್ಪ ತಂದು ಸೀಳಿನಲ್ಲಿ ಸುರಿದೆ. ಸುಟ್ಟ ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ ಒಂದೊಂದೇ ಚೂರು ಒಳಗೆ ಹಾಕಿದೆ. "ಇದೊಂದು ಕಾಗದ ತಿಂದುಬಿಡ್ರಪ್ಪ" ಅಂತ ಗಣಪತಿ ಪಟಕ್ಕೂ ಅಡ್ಡಬಿದ್ದೆ.

ಸೋಮವಾರ ಸಾಹುಕಾರರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದು ಬೀಗ ತೆಗೆದರು. ಇಲಿ ಬಂದಿತ್ತು. ಪೆಟ್ಟಿಗೆಯ ಹಿಂಭಾಗ ಕೊರೆದಿತ್ತು, ಕೊಬ್ಬರಿಯ ಒಂದು ಚೂರೂ ಬಿಟ್ಟಿರಲಿಲ್ಲ. ಕಾಗದ ಮಾತ್ರ ಹಾಗೇ ಇತ್ತು. ಸಾಹುಕಾರರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ತುಪ್ಪ ತೊಟ್ಟಿಕ್ಕಿತು.

"ಯಾಕ್ಲಾ ಇದು ದೋಸೆ ಥರ ಐತೆ?"

ಅವರು ಕನ್ನಡಕ ಹಾಕಿಕೊಂಡು ಜೋರಾಗಿ ಓದತೊಡಗಿದರು.

"ಮಾನ್ಯರೇ, ನಿಮ್ಮ ಲಾಡ್ಜಿನಲ್ಲಿ ಎರಡು ದಿನ ಇದ್ದೆವು. ರೂಮಿನಲ್ಲಿ ಒಂದು ಇಲಿ ಇತ್ತು." ನಾನು ಕೌಂಟರ್ ಹಿಡಿದುಕೊಂಡೆ. "ಅದು ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗುತ್ತಿತ್ತು. ಅದರಿಂದ ನಮಗೆ ಏನೂ ತೊಂದರೆಯಾಗಲಿಲ್ಲ. ಆದರೆ ನಿಮ್ಮ ಮ್ಯಾನೇಜರ್ ಎರಡು ದಿನದಲ್ಲಿ ಹನ್ನೊಂದು ಸಲ ಬಂದರು. ಬಾಗಿಲು ಹಾಕಿದರೂ ಬಂದರು. ಮೂರು ಸಲ ಮಂಚದ ಕೆಳಗೆ ಹೋದರು, ಒಂದು ಸಲ ಹೊರಗೆ ಬರಲು ನಾವೇ ಎಳೆಯಬೇಕಾಯಿತು. ನಮ್ಮ ಮನೆಯವರು ಹೆದರಿ ಕೋಡುಬಳೆ ತಿನ್ನುವುದನ್ನೇ ಬಿಟ್ಟಿದ್ದಾರೆ. ಮುಂದೆ ಬರುವ ಪ್ರವಾಸಿಗರ ಹಿತದೃಷ್ಟಿಯಿಂದ ದಯವಿಟ್ಟು ಇವರಿಗೆ ಏನಾದರೂ ವ್ಯವಸ್ಥೆ ಮಾಡಿ."

ಉಳಿದ ಒಂದೂವರೆ ಹಾಳೆಯೂ ನನ್ನ ವಿಷಯವೇ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು.

ಸಾಹುಕಾರರು ಕಾಗದ ಮಡಿಸಿದರು. ಬೆರಳಿಗೆ ಅಂಟಿದ ತುಪ್ಪವನ್ನು ನನ್ನ ಟವೆಲ್ಲಿಗೆ ಒರೆಸಿದರು. ಗಣಪತಿ ಪಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮಾತಿಗೆ ತಪ್ಪದ ಮನುಷ್ಯ.

"ಇಲಿ ಮೇಲೆ ದೂರು ಬಂದ್ರೆ ಮನೆಗೆ ಕಳಿಸ್ತೀನಿ ಅಂದಿದ್ದೆ. ಇಲಿ ಮೇಲೆ ದೂರಿಲ್ಲ. ನೀನು ಮ್ಯಾನೇಜರಾಗೇ ಇರು" ಅಂದರು. ನನ್ನ ಕಣ್ಣಲ್ಲಿ ನೀರೇ ಬಂತು. ಕಾಲಿಗೆ ಬೀಳಲು ಬಗ್ಗಿದೆ.

"ಆದ್ರೆ ಒಂದು ಮಾತು. ನಾಳೆಯಿಂದ ಗಿರಾಕಿ ರೂಮಲ್ಲಿ ಇಲಿ ಇದ್ರೆ ಇರ್ಲಿ. ನೀನು ಇರ್ಬೇಡ."